ಚಪ್ಪಾಳೆಯ ನಂತರ
ಅಂಧೇರಿಯ ಮರೋಳದ ಸೆವೆನ್ ಹಿಲ್ಸ್ 2020ರಲ್ಲಿ ಕೋವಿಡ್ ಆಸ್ಪತ್ರೆಯಾದ ದಿನಗಳಲ್ಲಿ ಮುಂಬೈ ನರ್ಸುಗಳಿಗೆ ಚಪ್ಪಾಳೆ ತಟ್ಟಿತ್ತು. ಆದರೆ ಆಡಳಿತ ತನ್ನ ಬೆನ್ನಿಗಿದೆಯೇ ಎಂದು ನರ್ಸು ಅಳೆಯುವುದು ಸಂಬಳದ ಚೀಟಿಯಲ್ಲಿ, ಡ್ಯೂಟಿ ಪಟ್ಟಿಯಲ್ಲಿ. ರಾತ್ರಿ ಪಾಳಿಯಲ್ಲಿ ಒಂದು ಹಾಸಿಗೆಯ ಡ್ರಿಪ್ ಮುಗಿಯುವ ಹೊತ್ತಿಗೇ ಇನ್ನೊಂದು ಹಾಸಿಗೆಯ ಬೆಲ್ ಹೊಡೆದುಕೊಂಡರೆ ಓಡಲು ಮತ್ತೊಬ್ಬರಿದ್ದಾರೆಯೇ ಎಂಬುದರಲ್ಲಿ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸುಗಳಷ್ಟೇ ಸಂಬಳ ಕೊಡಬೇಕು, ಸಣ್ಣ ಆಸ್ಪತ್ರೆಯಲ್ಲೂ ಅದು 20,000 ರೂಪಾಯಿಗಿಂತ ಇಳಿಯಬಾರದು ಎಂದಿತ್ತು. ಹಾಗಾದರೆ ರೋಗಿಯ ಬಿಲ್ಲು ಏರುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಪಳಗಿದ ನರ್ಸು ಬೇಸತ್ತು ಗಲ್ಫಿಗೆ ಹೊರಟರೆ, ಹೊಸಬರನ್ನು ತಯಾರು ಮಾಡುವ ಖರ್ಚೂ ನಡುವೆ ಆಗುವ ತಪ್ಪುಗಳ ಬೆಲೆಯೂ ಬೀಳುವುದು ಅದೇ ರೋಗಿಯ ಮೇಲೆ. ಮಹಾರಾಷ್ಟ್ರ ಸರ್ಕಾರ ಆ ಶಿಫಾರಸಿಗೆ ಕಾನೂನಿನ ಬಲ ಕೊಡಲಿ.