ಉಸಿರಿನ ಲೆಕ್ಕ ಯಾರಿಗೆ?



ಜ್ವರ ಬಂದರೆ ಥರ್ಮಾಮೀಟರ್ ಇಡ್ತೀವಿ. ಊರ ಗಾಳಿ ಕೆಟ್ಟರೆ? 2.5 ಮೈಕ್ರಾನಿಗಿಂತ ಸಣ್ಣ ಧೂಳು ಕಣ್ಣಿಗೆ ಕಾಣದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅದನ್ನು ಅಳೆಯುವ ದೊಡ್ಡ ಯಂತ್ರಕ್ಕೆ ಬಹಳ ದುಡ್ಡು ಬೇಕು. ಬಡ ದೇಶಗಳ ಎಷ್ಟೋ ನಗರಗಳಲ್ಲಿ ಅದು ಇರುವುದೇ ಇಲ್ಲ.

ಉಗಾಂಡ ದೇಶದ ಕಂಪಾಲಾ ನಗರದ ಮಕೆರೆರೆ ವಿಶ್ವವಿದ್ಯಾಲಯದವರು ಸುಮ್ಮನೆ ಕೂರಲಿಲ್ಲ. 2015ರಲ್ಲಿ ಕೆಲಸ ಶುರುಮಾಡಿ, ಅಗ್ಗದ ಮಾಪಕಗಳನ್ನು ತಾವೇ ತಯಾರಿಸಿದರು. ಬಾಡಿಗೆ ಬೈಕುಗಳಿಗೂ ಕಟ್ಟಿದರು!

ಅಗ್ಗದ್ದು ಅಂತ ಹೀಗಳೆಯಬಾರದು, ಕಣ್ಮುಚ್ಚಿ ನಂಬಲೂಬಾರದು. ಗಾಳಿಯಲ್ಲಿ ತೇವ ಹೆಚ್ಚಾದರೆ ಇಂಥ ಮಾಪಕ ಧೂಳನ್ನು ಜಾಸ್ತಿ ತೋರಿಸಬಹುದು. ಅದಕ್ಕೇ ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು ತಾಳೆ ನೋಡಬೇಕು.

ನನ್ನ ಅಭಿಪ್ರಾಯ ಇಷ್ಟೇ: ಆ ಲೆಕ್ಕ ಕಚೇರಿಯಲ್ಲೇ ಉಳಿಯಬಾರದು. ನಗರದ ಪ್ರತಿ ಶಾಲೆಯ ಬೋರ್ಡಿನ ಮೇಲೂ ದಿನಾ ಬರೆಯಬೇಕು. ಉಸಿರಾಡೋರಿಗೇ ಗೊತ್ತಾಗದಿದ್ದರೆ ಅಳೆದೇನು ಪ್ರಯೋಜನ? ನೀವೇನಂತೀರಿ?

– 9ನೇ ತರಗತಿಯ ವಿದ್ಯಾರ್ಥಿನಿ