ಹಗ್ಗದೊಡನೆ ಹಳೆಯ ಬಟ್ಟೆ

ಪವಿತ್ರ ಬೈಬಲ್ಲಿನಲ್ಲಿ ಎಬೆದ್ಮೆಲೆಕನ ಹೆಸರು ಬರುವುದು ಪ್ರವಾದಿ ಯೆರೆಮೀಯನ ಗ್ರಂಥದ 38 ಮತ್ತು 39ನೇ ಅಧ್ಯಾಯಗಳಲ್ಲಿ ಮಾತ್ರ. ನಮ್ಮ ಪ್ರಬೋಧನೆಗಳಲ್ಲಿ ಅವನ ಪ್ರಸ್ತಾಪ ಅಪರೂಪ. ಆದರೂ ಇಂದಿನ ಧರ್ಮಕೇಂದ್ರಗಳು ಅವನಿಂದ ತುರ್ತಾಗಿ ಕಲಿಯಬೇಕಾದುದೊಂದಿದೆ.

ಅದು ಕ್ರಿ.ಪೂ. 6ನೇ ಶತಮಾನದ ಆರಂಭ. ಬಾಬಿಲೋನಿಯದ ಸೇನೆ ಜೆರುಸಲೇಮನ್ನು ಮುತ್ತಿತ್ತು. ಶರಣಾದವರು ಬದುಕುವರೆಂದು ಸಾರಿದ ಯೆರೆಮೀಯನನ್ನು ಅಧಿಕಾರಿಗಳು ಹಗ್ಗ ಕಟ್ಟಿ ಬಾವಿಗೆ ಇಳಿಸಿದರು. ಅಲ್ಲಿ ನೀರಿರಲಿಲ್ಲ, ಕೆಸರಿತ್ತು. ಪ್ರವಾದಿ ಅದರಲ್ಲಿ ಹೂತುಹೋದನು. ಅರಸ ಚಿದ್ಕೀಯನು ತಡೆಯಲಿಲ್ಲ. ಆಗ ಬಾಯಿ ತೆರೆದವನು ಅರಮನೆಯ ಸೇವಕನಾದ ಪರದೇಶೀಯ, ಕೂಷ್ ನಾಡಿನ ಎಬೆದ್ಮೆಲೆಕ. ಅರಸನ ಮುಂದೆ ನಿಂತು ಇದು ಅನ್ಯಾಯವೆಂದನು. ಪ್ರವಾದಿಯನ್ನು ಮೇಲೆತ್ತಲು ಅಪ್ಪಣೆ ಪಡೆದನು.

ಆದರೆ ಅವನು ನೇರವಾಗಿ ಬಾವಿಗೆ ಓಡಲಿಲ್ಲ. ಮೊದಲು ಅರಮನೆಯ ಖಜಾನೆಯ ಕೆಳಗಿನ ಕೋಣೆಗೆ ಹೋಗಿ ಹರಕು ಬಟ್ಟೆಗಳನ್ನು ಆಯ್ದುಕೊಂಡನು. ಅವನ್ನು ಬಾವಿಗೆ ಇಳಿಸಿ, ಕಂಕುಳಿಗೂ ಹಗ್ಗಕ್ಕೂ ನಡುವೆ ಇಟ್ಟುಕೊಳ್ಳುವಂತೆ ಯೆರೆಮೀಯನಿಗೆ ಹೇಳಿದನು. ಪ್ರಾಣ ಉಳಿಸಲು ಹಗ್ಗವೊಂದೇ ಸಾಕಿತ್ತು. ಆದರೆ ಮೇಲೆತ್ತುವಾಗ ಆ ದೇಹಕ್ಕೆ ನೋವಾಗಬಾರದೆಂದು ಯೋಚಿಸಿದವನು ಅವನು.

ನಾವಾದರೋ ಬರಿಯ ಹಗ್ಗ ಇಳಿಸುತ್ತೇವೆ. ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿ ವೇದಿಕೆ ಹಾಕುತ್ತೇವೆ. ಬಡಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೆಸರು ಕೂಗುತ್ತೇವೆ. ಪುಸ್ತಕ ಹಿಡಿದ ಕೈ ಅತ್ತಿತ್ತ ಸರಿಯದಂತೆ ನಿಲ್ಲಿಸಿ ಛಾಯಾಚಿತ್ರ ತೆಗೆಯುತ್ತೇವೆ. ಸಂಜೆಯೊಳಗೆ ಆ ಚಿತ್ರ ಎಲ್ಲರ ಮೊಬೈಲಿನಲ್ಲಿ.

ನಾನೂ ಆ ತಪ್ಪಿಗೆ ಹೊರತಲ್ಲ. ಒಮ್ಮೆ ತಂದೆಯ ಕಾಯಿಲೆಯನ್ನು ಧ್ವನಿವರ್ಧಕದಲ್ಲಿ ವಿವರಿಸಿ ಒಬ್ಬ ಬಾಲಕಿಗೆ ಸಹಾಯಧನದ ಲಕೋಟೆ ಕೊಟ್ಟೆ. ಅವಳು ತಲೆ ಎತ್ತಲಿಲ್ಲ. ಆಮೇಲೆ ಆ ಕುಟುಂಬ ಬಲಿಪೂಜೆಗೆ ಬೇರೆ ದೇವಾಲಯಕ್ಕೆ ಹೋಗತೊಡಗಿತು. ಲಕೋಟೆಯಲ್ಲಿದ್ದ ಹಣ ಅವರ ಮನೆಗೆ ತಲುಪಿತ್ತು. ಆದರೆ ಅವರ ಮಾನವನ್ನು ನಾನು ವೇದಿಕೆಯ ಮೇಲೆಯೇ ಕಸಿದುಕೊಂಡಿದ್ದೆ.

“ಲೆಕ್ಕ ತೋರಿಸಬೇಡವೇ ಫಾದರ್? ದಾನಿಗಳಿಗೆ ಉತ್ತೇಜನ ಬೇಡವೇ?” ಎಂದು ಕೇಳುವವರಿದ್ದಾರೆ. ಲೆಕ್ಕ ಬೇಕೇ ಬೇಕು. ಅದಕ್ಕೆ ರಸೀದಿಯಿದೆ, ಹಣಕಾಸು ಸಮಿತಿಯಿದೆ. ಎಷ್ಟು ಮಕ್ಕಳಿಗೆ ಎಷ್ಟು ಸಂದಿತು ಎಂಬುದನ್ನು ಪ್ರಕಟಣೆಯಲ್ಲಿ ಓದಬಹುದು. ಲೆಕ್ಕಕ್ಕೆ ಅಂಕಿ ಸಾಕು, ಮಗುವಿನ ಮುಖ ಬೇಕಿಲ್ಲ. ಇನ್ನು ಛಾಯಾಚಿತ್ರವಿಲ್ಲದೆ ಉತ್ಸಾಹ ಬಾರದ ದಾನ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದ ಪ್ರಭುವಿನ ಬೋಧನೆಗೆ ಹೊಂದುವುದೇ?

ಬೇರೆ ದಾರಿ ಹೊಸದೇನಲ್ಲ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಮೂಲ ಕಾರ್ಯವೇ ಬಡವರ ಮನೆಗೆ ಹೋಗಿ ಭೇಟಿಯಾಗುವುದು. ಆ ಭೇಟಿಗೆ ವೇದಿಕೆ ಬೇಕಿಲ್ಲ, ಧ್ವನಿವರ್ಧಕವೂ ಬೇಕಿಲ್ಲ.

ಜೆರುಸಲೇಮ್ ಪತನವಾದಾಗ ಎಬೆದ್ಮೆಲೆಕನ ಪ್ರಾಣ ಉಳಿಯುವುದೆಂದು ದೇವರು ಮಾತುಕೊಟ್ಟರು; ಅವನು ತಮ್ಮಲ್ಲಿ ಭರವಸೆಯಿಟ್ಟನೆಂಬುದೇ ಅವರು ಹೇಳಿದ ಕಾರಣ. ಅವನ ಆ ಭರವಸೆ ಹರಕು ಬಟ್ಟೆ ಹುಡುಕುವಷ್ಟು ಮೃದುವಾಗಿತ್ತು. ಪ್ರಿಯ ವಾಚಕರೇ, ಮುಂದಿನ ಜೂನ್ ತಿಂಗಳಲ್ಲಿ ನಿಮ್ಮ ಧರ್ಮಕೇಂದ್ರದಲ್ಲಿ ವೇದಿಕೆಯ ಮಾತು ಬಂದರೆ, ದಯವಿಟ್ಟು ಎದ್ದುನಿಂತು ಬೇಡವೆನ್ನಿ. ಪುಸ್ತಕಗಳನ್ನು ಮಕ್ಕಳ ಮನೆಗೇ ಒಯ್ದು ಕೊಡಿ.