ಹತ್ತಕ್ಕೆ ಹತ್ತು ಬಂದರೂ ತಲುಪದ ಇಮೇಲ್

ಮೇಲ್ ತಲುಪುತ್ತಿಲ್ಲ ಎಂದಾಕ್ಷಣ ನಮ್ಮ ವ್ಯಾಪಾರಿಗಳು ಮೊದಲು ಕೈಹಾಕುವುದು ಬರವಣಿಗೆಗೆ. ‘ಫ್ರೀ’ ತೆಗೆಯುತ್ತಾರೆ, ‘ಡಿಸ್ಕೌಂಟ್’ ಅಳಿಸುತ್ತಾರೆ, ಯಾವುದೋ ಪರೀಕ್ಷಾ ತಾಣಕ್ಕೆ ಕಳಿಸಿ ಅಂಕ ನೋಡುತ್ತಾರೆ. ಹತ್ತಕ್ಕೆ ಹತ್ತು ಬಂದರೂ ಮೇಲ್ ಸ್ಪ್ಯಾಮ್‌ಗೇ ಬಿದ್ದಾಗ ನನಗೆ ಫೋನ್ ಬರುತ್ತದೆ. ರಾಣೆಬೆನ್ನೂರಿನಿಂದ ಬಂದು ವಡೋದರಾದಲ್ಲಿ ನೆಲೆ ನಿಂತು, ಇಲ್ಲಿಂದಲೇ ಅಹಮದಾಬಾದ್, ಸೂರತ್‌ಗಳ ಸಣ್ಣ ಕಂಪನಿಗಳ ಮೇಲ್ ಸರ್ವರ್ ನೋಡಿಕೊಳ್ಳುವವನು ನಾನು. ಎಲ್ಲರಿಗೂ ಹೇಳುವುದು ಒಂದೇ ಮಾತು: ಆ ಅಂಕ ಪತ್ರಕ್ಕೆ ಸಿಕ್ಕಿದ್ದು. ಇನ್‌ಬಾಕ್ಸ್‌ಗೆ ಬಿಟ್ಟುಕೊಳ್ಳುವುದು ಕಳಿಸುವವರ ನಡತೆ ನೋಡಿ.

ಅಂಕ ಓದುವುದರಲ್ಲೇ ಮೊದಲ ಎಡವಟ್ಟು. 2001ರಲ್ಲಿ ಜಸ್ಟಿನ್ ಮೇಸನ್ ಶುರುಮಾಡಿದ ‘ಸ್ಪ್ಯಾಮ್‌ಅಸಾಸಿನ್’ ಎಂಬ ಮುಕ್ತ ತಂತ್ರಾಂಶ ಪ್ರತಿ ಮೇಲನ್ನೂ ನೂರಾರು ನಿಯಮಗಳಿಗೆ ಒಡ್ಡುತ್ತದೆ. ಮೊತ್ತ 5 ಮುಟ್ಟಿದರೆ ಸ್ಪ್ಯಾಮ್. ಇಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಪರೀಕ್ಷಾ ತಾಣಗಳಲ್ಲಿ ಹೆಚ್ಚಿದ್ದಷ್ಟೂ ಒಳ್ಳೆಯದು. ಮೈಕ್ರೋಸಾಫ್ಟ್‌ನ ಮಾಪನ ಮೈನಸ್ 1ರಿಂದ 9ರವರೆಗೆ; 5 ಅಥವಾ 6 ಬಂದರೆ ಸ್ಪ್ಯಾಮ್, 9 ಬಂದರೆ ಖಚಿತ ಸ್ಪ್ಯಾಮ್. ಅಹಮದಾಬಾದ್‌ನ ವಟ್ವಾದಲ್ಲಿ ಬಣ್ಣದ ರಾಸಾಯನಿಕ ರಫ್ತು ಮಾಡುವ ಸೇಠ್‌ಜಿಯೊಬ್ಬರು ಈ 5 ನೋಡಿ, ‘ಅರ್ಧ ಮಾರ್ಕ್ಸ್ ಬಂತಲ್ಲ ಭಾಯ್, ಪಾಸಾದ ಹಾಗೇ!’ ಎಂದಿದ್ದರು. ಅಷ್ಟರಲ್ಲಿ ಅವರ ಕೊಟೇಶನ್ ಜರ್ಮನಿಯ ಗಿರಾಕಿಯ ಜಂಕ್ ಫೋಲ್ಡರಿನಲ್ಲಿ ಮಲಗಿತ್ತು.

ಸ್ಪ್ಯಾಮ್‌ಅಸಾಸಿನ್‌ನ ನಿಯಮಪಟ್ಟಿಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಕವಿದೆ. ಒಂದು ಡೊಮೇನ್ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದೆಂದು ಸಾರುವ ವ್ಯವಸ್ಥೆಗೆ ಎಸ್‌ಪಿಎಫ್ ಎನ್ನುತ್ತಾರೆ. ಆ ತಪಾಸಣೆಯಲ್ಲಿ ಪಾಸಾದರೆ ಸಿಗುವ ರಿಯಾಯಿತಿ 0.001 ಮಾತ್ರ! ಕಳ್ಳನೂ ಗುರುತಿನ ಚೀಟಿ ಮಾಡಿಸಬಲ್ಲ, ಅದಕ್ಕೆ. ಹಾಗೆಂದು ಚೀಟಿಯಿಲ್ಲದೆ ನಡೆಯುವುದೂ ಇಲ್ಲ. ಜಿಮೇಲ್‌ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರುವರಿಯಿಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರೂ ಗುರುತಿನ ತಪಾಸಣೆ ಕಡ್ಡಾಯ. ಬೇಡವೆಂದವರು ಒಂದೇ ಕ್ಲಿಕ್‌ನಲ್ಲಿ ಪಟ್ಟಿಯಿಂದ ಹೊರಬರುವಂತಿರಬೇಕು. ‘ಇದು ಸ್ಪ್ಯಾಮ್’ ಎಂದು ಒತ್ತುವವರ ಪ್ರಮಾಣ ಶೇ 0.3 ಮುಟ್ಟಬಾರದು, ಶೇ 0.1ರೊಳಗಿದ್ದರೆ ಕ್ಷೇಮ. ಶೇ 0.3 ಎಂದರೆ ಸಾವಿರಕ್ಕೆ ಮೂವರು.

ಈ ಮೂವರನ್ನು ಎದುರುಹಾಕಿಕೊಳ್ಳುವುದು ಎಷ್ಟು ಸುಲಭ ಎಂಬುದನ್ನು ಸೂರತ್‌ನ ರಿಂಗ್ ರೋಡ್‌ನಲ್ಲಿ ನೋಡಬೇಕು. ಅಲ್ಲಿನ ಸೀರೆ ವ್ಯಾಪಾರಿಗಳಿಗೆ ಚಿಕ್ಕಪೇಟೆ, ದಾವಣಗೆರೆ, ಹುಬ್ಬಳ್ಳಿಯ ಗಿರಾಕಿಗಳೆಲ್ಲ ಬೇಕು. ‘ಡೇಟಾಬೇಸ್’ ಹೆಸರಿನಲ್ಲಿ ಯಾರೋ ಮಾರಿದ ಎಕ್ಸೆಲ್ ಪಟ್ಟಿಗೆ ಕ್ಯಾಟಲಾಗ್ ಕಳಿಸುತ್ತಾರೆ. ಮೇಲ್ ತುಂಬ ಒಂದೇ ದೊಡ್ಡ ಫೋಟೊ, ಕೆಳಗೆ ಒಂದು ಫೋನ್ ನಂಬರ್. ಅಕ್ಷರ ಕಡಿಮೆ, ಚಿತ್ರ ಹೆಚ್ಚು ಎಂದು ಫಿಲ್ಟರ್ ಅಂಕ ಏರಿಸುತ್ತದೆ. ದರ, ಅಳತೆ, ಬಟ್ಟೆಯ ವಿವರ ಅಕ್ಷರದಲ್ಲಿ ಬರೆದರೆ ಅದು ಸರಿಹೋದೀತು. ಆದರೆ ಪಟ್ಟಿಯ ಅರ್ಧ ವಿಳಾಸಗಳು ಸತ್ತುಹೋಗಿರುತ್ತವೆ. ಉಳಿದರ್ಧ ಮಂದಿ ಇವರ ಕ್ಯಾಟಲಾಗ್ ಕೇಳಿದವರೇ ಅಲ್ಲ. ಅವರ ಬೆರಳು ಸ್ಪ್ಯಾಮ್ ಗುಂಡಿಗೆ ಹೋದರೆ ಆಶ್ಚರ್ಯವೇನು?

ಇದೇ ವ್ಯಾಪಾರಿ ಉದ್ರಿ ಕೊಡುವಾಗ ಎಷ್ಟು ಜಾಣ! ಆರ್ಡರ್ ಎಷ್ಟು ಅಂದವಾಗಿ ಬರೆದಿದ್ದಾರೆಂದು ನೋಡುವುದಿಲ್ಲ. ಹಿಂದಿನ ಬಿಲ್ ಚುಕ್ತಾ ಆಗಿದೆಯೇ ಎಂದು ದಲ್ಲಾಳಿಯಾದ ಆಡತಿಯಾನನ್ನು ಕೇಳುತ್ತಾನೆ. ಜಿಮೇಲ್ ಅವನ ಡೊಮೇನ್ ಬಗ್ಗೆ ಮಾಡುವುದೂ ಅದೇ ವಿಚಾರಣೆ.

ಹಾಗೆಂದು ತಪ್ಪೆಲ್ಲ ವ್ಯಾಪಾರಿಯದೇ ಎಂದರೆ ಅನ್ಯಾಯ. ವಡೋದರಾದ ಮಕರಪುರದಲ್ಲಿ ವಾಲ್ವ್ ಮಾಡುವ ಒಂದು ಸಣ್ಣ ಕಾರ್ಖಾನೆಯವರು ದಿನಕ್ಕೆ ಕಳಿಸುವುದು ಬೆರಳೆಣಿಕೆಯ ಮೇಲ್. ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಐಪಿ ವಿಳಾಸ ಹಂಚಿಕೊಂಡಿದ್ದ ಇನ್ಯಾರೋ ಸ್ಪ್ಯಾಮ್ ಕಳಿಸಿ ಕಪ್ಪುಪಟ್ಟಿ ಸೇರಿದರು. ಇವರ ಟೆಂಡರ್ ಪತ್ರಗಳೂ ನಿಂತವು. ಸ್ಪ್ಯಾಮ್‌ಅಸಾಸಿನ್ ಆದರೆ ಯಾವ ನಿಯಮಕ್ಕೆ ಎಷ್ಟು ಅಂಕ ಎಂದು ಮೇಲ್‌ನ ಹೆಡರ್‌ನಲ್ಲೇ ಬರೆದಿಡುತ್ತದೆ. ದೊಡ್ಡ ಕಂಪನಿಗಳ ಫಿಲ್ಟರ್‌ಗಳು ಅಷ್ಟು ಬಿಡಿಸಿ ಹೇಳುವುದಿಲ್ಲ. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ತೆರೆದರೆ, ಇಷ್ಟು ಕಡಿಮೆ ಮೇಲ್ ಕಳಿಸುವವರಿಗೆ ಅಲ್ಲಿ ಮಾಹಿತಿಯೇ ಕಾಣುವುದಿಲ್ಲ. ಕಾರಣ ಬಿಚ್ಚಿಟ್ಟರೆ ಸ್ಪ್ಯಾಮರ್‌ಗಳು ಕಲಿತುಬಿಡುತ್ತಾರೆ ಎಂಬ ವಾದದಲ್ಲಿ ಹುರುಳಿದೆ. ಆದರೂ ‘ನಿಮ್ಮ ಐಪಿಯಿಂದ ತೊಂದರೆ’ ಅಥವಾ ‘ನಿಮ್ಮ ಪಟ್ಟಿಯಿಂದ ತೊಂದರೆ’ ಎಂದು ಸಣ್ಣವರಿಗೂ ಒಂದು ಸಾಲು ತಿಳಿಸಿದರೆ ಯಾವ ಗುಟ್ಟೂ ರಟ್ಟಾಗದು. ಸೂರತ್, ಅಹಮದಾಬಾದ್‌ಗಳ ವಾಣಿಜ್ಯ ಸಂಘಗಳು ಈ ಬೇಡಿಕೆಯನ್ನು ಗಟ್ಟಿದನಿಯಲ್ಲಿ ಇಡಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ವಿಳಾಸಪಟ್ಟಿ. ಮಾಲು ಕೊಂಡವರು, ದರ ಕೇಳಿದವರು, ಕಳಿಸಿ ಎಂದು ತಾವಾಗಿ ಹೇಳಿದವರು ಉಳಿಯಲಿ, ಮಿಕ್ಕದ್ದು ಹೋಗಲಿ. ಎಂಟು ಸಾವಿರದ ಪಟ್ಟಿ ಎಂಟು ನೂರಕ್ಕಿಳಿದರೆ ವ್ಯಾಪಾರಿಗೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಹಣ ಕೊಟ್ಟು ಕೊಂಡ ಪಟ್ಟಿಯನ್ನು ಅಳಿಸಲು ಒಪ್ಪದವರ ಸರ್ವರ್‌ನ ಕೆಲಸ ನಾನು ಹಿಡಿಯುವುದಿಲ್ಲ. ಅಲ್ಲಿ ರಿಪೇರಿ ಆಗಬೇಕಾದದ್ದು ಸರ್ವರ್ ಅಲ್ಲ.